ಅಮೀರ್‌ಬಾಯಿ ಹೆಸರಲ್ಲಿ "ಕರ್ನಾಟಕಿ" ಯಾಕಿದೆ?

"ಹಳೇ ಹಿಂದಿ ಹಾಡಿನ ಕೆಳಗೆ ಅಮೀರ್‌ಬಾಯಿ ಕರ್ನಾಟಕಿ ಅಂತ ಹೆಸರು ನೋಡ್ದೆ, ಇವ್ರು ನಮ್ಮ ಕಡೆಯವ್ರಾ?" ಅಂತ ಕೇಳಿದೀರಲ್ಲ, ಹೌದು ರೀ, ಪಕ್ಕಾ ನಮ್ಮವ್ರೇ. ಹುಟ್ಟಿದ್ದು ಬೀಳಗಿಲಿ, ಆಗ ಬಿಜಾಪುರ ಜಿಲ್ಲೆ, ಈಗ ಬಾಗಲಕೋಟೆಗೆ ಸೇರುತ್ತೆ. ಅಕ್ಕ ಗೋಹರ್‌ಬಾಯಿನೂ ಹಾಡೋರು, ನಟಿ, ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಬಾಳಿದೋರು.

ಅಮೀರ್‌ಬಾಯಿ ಮುಂಬೈಗೆ ಹೋಗಿ ಸಿನಿಮಾದಲ್ಲಿ ನಟಿಸ್ತಾ ಹಾಡ್ತಾ ಇದ್ರು, ಆದ್ರೆ ದೇಶಕ್ಕೆಲ್ಲ ಹೆಸರು ಗೊತ್ತಾಗಿದ್ದು 1943ರ "ಕಿಸ್ಮತ್"ನಿಂದ. ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತಾದ ರಾಕ್ಸಿ ಥಿಯೇಟರಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಓಡ್ತು. ಅದರಲ್ಲಿ "ದೂರ್ ಹಟೋ ಏ ದುನಿಯಾವಾಲೋ" ಅಂತ ಹಾಡಿದೆ ನೋಡಿ, ಕ್ವಿಟ್ ಇಂಡಿಯಾ ಚಳವಳಿ ಆಗಿ ಇನ್ನೂ ಬಿಸಿ ಆರಿರ್ಲಿಲ್ಲ, ಆಗ ಯುದ್ಧದಲ್ಲಿ ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನಿ ಜಪಾನ್ ಹೆಸರನ್ನ ಕವಿ ಪ್ರದೀಪ್ ಸೇರಿಸಿ ಬರೆದಿದ್ದಕ್ಕೆ ಸೆನ್ಸಾರ್ ಬಿಟ್ಟುಬಿಡ್ತು, ಆದ್ರೆ ದೂರ ಸರೀರಿ ಅಂತ ಯಾರಿಗೆ ಹೇಳ್ತಿರೋದು ಅಂತ ಥಿಯೇಟರಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಆ ಹಾಡಿನ ಹೆಣ್ಣು ದನಿ ಬೀಳಗಿದು! ನನಗಂತೂ ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ಸುತ್ತೆ.

ಅದೇ ಸಿನಿಮಾದ "ಧೀರೆ ಧೀರೆ ಆ ರೇ ಬಾದಲ್" ರೇಡಿಯೋದಲ್ಲಿ ಬಂದ್ರೆ ನಮ್ಮಜ್ಜ ಊಟದ ತಾಟು ಮುಂದಿದ್ರೂ ಕೈ ತಡೆದು "ನಮ್ಮ ಬೀಳಗಿ ಹುಡುಗಿ ಹಾಡಾಕತ್ತಾಳ, ಸುಮ್ಮನಿರ್ರಿ" ಅನ್ನೋರು. ಮಲಗಿರೋರು ಎದ್ದಾರು, ಮೆಲ್ಲಗೆ ಬಾ ಅಂತ ಮೋಡಕ್ಕೆ ಹೇಳೋ ಹಾಡು, ಅಜ್ಜನೂ ನಮಗೆ ಅದನ್ನೇ ಹೇಳ್ತಿದ್ರು.

ಬದುಕು ಮಾತ್ರ ಹಾಡಿನಷ್ಟು ಹಿತವಾಗಿರ್ಲಿಲ್ಲ. ವಿಲನ್ ಪಾತ್ರ ಮಾಡ್ತಿದ್ದ ಹಿಮಾಲಯವಾಲಾನ ಮದುವೆಯಾಗಿ ತುಂಬಾ ನೋವು ತಿಂದ್ರು, ಆಮೇಲೆ ಆತ ಪಾಕಿಸ್ತಾನಕ್ಕೆ ಹೋದ. 1940ರ ದಶಕದ ಕೊನೇಲಿ ಲತಾ ದನಿ ಬಂದ್ಮೇಲೆ ಹಾಡೋ ಅವಕಾಶ ಕಮ್ಮಿ ಆಯ್ತು, ಪೋಷಕ ಪಾತ್ರಗಳತ್ತ ಹೊರಳಿದ್ರು. ಲತಾ ದೊಡ್ಡೋರು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಎದೆಯಿಂದ ಎದ್ದು ಬರೋ ಈ ತುಂಬು ದನಿನ ಅಷ್ಟು ಬೇಗ ಬಿಟ್ಟುಕೊಟ್ಟಿದ್ದು ನಷ್ಟ ಅಂತಾನೇ ನಾನು ಹೇಳೋದು.

1965ರಲ್ಲಿ ತೀರಿಕೊಂಡ್ರು, ಮಣ್ಣು ಮಾಡಿದ್ದು ಬಿಜಾಪುರದಲ್ಲಿ. ಅಲ್ಲಿ ಅಮೀರ್ ಟಾಕೀಸ್ ಅಂತ ಒಂದು ಥಿಯೇಟರ್ ಕೂಡ ಅವರೇ ಕಟ್ಟಿಸಿದ್ದು. ಮೊದಲು "ಕಿಸ್ಮತ್" ಹಾಡು ಕೇಳಿ, ಆಮೇಲೆ 1944ರ "ರತನ್"ನಲ್ಲಿ ನೌಷಾದ್ ಹಾಡಿಸಿದ "ಮಿಲ್ ಕೆ ಬಿಛಡ್ ಗಯೀ ಅಖಿಯಾಂ" ಹಾಕ್ಕೊಳ್ಳಿ, ಹೆಡ್‌ಫೋನ್ ಇದ್ರೆ ಒಳ್ಳೇದು.