ಹೊಸ ನಗರದಲ್ಲಿ ವೀಸಾ ಇಂಟರ್‌ವ್ಯೂ: ಸೀದಾ ಗೇಟಿನವರೆಗೂ ಕಾರಲ್ಲೇ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಬೆಳಗ್ಗೆ 9ಕ್ಕೆ ವೀಸಾ ಇಂಟರ್‌ವ್ಯೂ. ನಗರ ನಿಮಗೆ ಹೊಸದು, ಅಲ್ಲಿ ಟ್ರಾಫಿಕ್ ವಿಪರೀತ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ. ಸ್ವಂತ ಕಾರಿನಲ್ಲಿ ಆರೇಳು ಗಂಟೆಯ ದಾರಿ. ರಾತ್ರಿ ಎಷ್ಟು ಹೊತ್ತಿಗೆ ಹೊರಟರೆ ಸರಿಯಾಗುತ್ತೆ ಅಂತ ಕೇಳಿದ್ದೀರಿ.

ರಾತ್ರಿ ಹೊರಡಲೇಬೇಡಿ. ಹಿಂದಿನ ದಿನ ಬೆಳಗ್ಗೆ ಹೊರಟು, ಮಧ್ಯಾಹ್ನ ರಸ್ತೆ ಸ್ವಲ್ಪ ಖಾಲಿ ಇರುವ ಹೊತ್ತಿಗೆ ನಗರ ಸೇರಿಕೊಳ್ಳಿ. ಉಳಿದುಕೊಳ್ಳುವ ಜಾಗದಲ್ಲಿ ಕಾರು ನಿಲ್ಲಿಸಿಬಿಡಿ. ಇಂಟರ್‌ವ್ಯೂ ದಿನ ಅದರ ಕೀಲಿ ಮುಟ್ಟಬೇಡಿ. ಕೊನೆಯ ಮೂರು ನಾಲ್ಕು ಕಿಲೋಮೀಟರ್ ಟ್ಯಾಕ್ಸಿಯಲ್ಲೋ ಮೆಟ್ರೋದಲ್ಲೋ ಹೋಗಿ. ಅಪ್ಪ ಅಮ್ಮ ಜೊತೆಗಿದ್ದಾರೆ ಅನ್ನೋ ಕಾರಣಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ರಾತ್ರಿಯಿಡೀ ಕಾರಲ್ಲಿ ಕೂತು ಬಂದವರು ಬೆಳಗ್ಗೆ ಅಧಿಕಾರಿಯ ಮುಂದೆ ನಿಂತು ಸಮಾಧಾನವಾಗಿ ಉತ್ತರ ಹೇಳೋದು ಕಷ್ಟ. ಡ್ರೈವ್ ಮಾಡಿದ ನಿಮ್ಮ ಕಥೆ ಇನ್ನೂ ಕಷ್ಟ.

ಹೈವೇ ಮೇಲಿನ ಆರು ಗಂಟೆ ಹೆಚ್ಚು ಕಡಿಮೆ ಆರು ಗಂಟೆಯೇ ಆಗಿರುತ್ತದೆ. ನಗರದೊಳಗಿನ ಕೊನೆಯ ತುಂಡು ಹಾಗಲ್ಲ. ರಸ್ತೆ ಅರ್ಧ ತುಂಬಿದ್ದಾಗ ಒಂದು ಬಸ್ ಕೆಟ್ಟು ನಿಂತರೂ ಪಕ್ಕದಿಂದ ಹೋಗಿಬಿಡಬಹುದು. ರಸ್ತೆ ಪೂರ್ತಿ ತುಂಬಿದ್ದಾಗ ಅದೇ ಬಸ್ಸಿನಿಂದ ಹಿಂದಿನ ಎರಡು ಮೂರು ಸಿಗ್ನಲ್‌ವರೆಗೂ ಗಾಡಿಗಳು ಕಟ್ಟಿಕೊಳ್ಳುತ್ತವೆ. ಹಾಗಾಗಿ ನಿನ್ನೆ 20 ನಿಮಿಷ ಹಿಡಿದ ದಾರಿ ಇವತ್ತು 1 ಗಂಟೆ ಹಿಡಿಯಬಹುದು. ಒಂದು ಗಂಟೆ ಮುಂಚೆ ಹೊರಟರೆ ಸಾಕು ಅನ್ನುವ ಲೆಕ್ಕ ಇಂಥ ಕಡೆ ನಡೆಯೋದಿಲ್ಲ.

ಮ್ಯಾಪ್ ನೋಡುವ ಕ್ರಮವೂ ಮುಖ್ಯ. ತುಂಬಾ ಜನ ರಾತ್ರಿ ಹತ್ತಕ್ಕೆ ಮೊಬೈಲ್ ತೆಗೆದು, '25 ನಿಮಿಷ ಅಷ್ಟೇ' ಅಂತ ಸಮಾಧಾನ ಮಾಡಿಕೊಂಡು ಮಲಗುತ್ತಾರೆ. ಅದು ರಾತ್ರಿ ಹತ್ತರ ಖಾಲಿ ರಸ್ತೆಯ ಲೆಕ್ಕ. ಗೂಗಲ್ ಮ್ಯಾಪ್ಸ್‌ನಲ್ಲಿ ಎಷ್ಟು ಹೊತ್ತಿಗೆ ತಲುಪಬೇಕು ಅಂತ ದಿನ, ಸಮಯ ಎರಡನ್ನೂ ಕೊಟ್ಟು ನೋಡಬಹುದು. ಆಗ ಅದು '35 ನಿಮಿಷದಿಂದ 1 ಗಂಟೆ 10 ನಿಮಿಷ' ಅನ್ನುವ ಹಾಗೆ ಎರಡು ಅಂಕಿ ತೋರಿಸುತ್ತದೆ. ನಿಮಗೆ ಬೇಕಾದ್ದು ದೊಡ್ಡ ಅಂಕಿ. ಟ್ಯಾಕ್ಸಿಯಲ್ಲಿ ಹೋದರೂ ಅಷ್ಟೇ, ದೊಡ್ಡ ಅಂಕಿಯನ್ನೇ ನಂಬಿ. ಸಾಧ್ಯವಾದರೆ ಒಂದು ವಾರ ಮುಂಚೆ, ಅದೇ ವಾರದ ದಿನ, ಅದೇ ಹೊತ್ತಿಗೆ ಮನೆಯಲ್ಲೇ ಕೂತು ಆ ದಾರಿ ಎಷ್ಟು ಕೆಂಪಗಿದೆ ಅಂತ ನೋಡಿ.

ಇನ್ನೊಂದು ವಿಷಯ. ಗೊತ್ತಿಲ್ಲದ ನಗರದ ಮಧ್ಯಭಾಗಕ್ಕೆ ಕಾರು ನುಗ್ಗಿಸುವ ಮೊದಲು ಅಲ್ಲಿಯ ನಿಯಮ ನೋಡಿಕೊಳ್ಳಬೇಕು. ಲಂಡನ್ನಿನ ಮಧ್ಯಭಾಗಕ್ಕೆ ಹೋಗಲು 2003ರಿಂದ ಶುಲ್ಕ ಇದೆ. ಸಿಂಗಾಪುರ 1975ರಲ್ಲೇ ಇಂಥದ್ದನ್ನು ಶುರು ಮಾಡಿತ್ತು. ಮೆಕ್ಸಿಕೋ ಸಿಟಿಯಲ್ಲಿ 1989ರಿಂದ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರದಲ್ಲಿ ಒಂದು ದಿನ ಕೆಲವು ಗಾಡಿಗಳನ್ನು ರಸ್ತೆಗೆ ಬಿಡುವುದಿಲ್ಲ. ಜಕಾರ್ತಾದ ದೊಡ್ಡ ರಸ್ತೆಗಳಲ್ಲಿ ಸಮ-ಬೆಸ ನಂಬರಿನ ಪದ್ಧತಿ ಇದೆ. ಇಟಲಿಯ ಹಳೆಯ ಪೇಟೆಗಳಲ್ಲಿ ಪರವಾನಗಿ ಇಲ್ಲದೆ ಒಳಗೆ ಹೋದರೆ ಕ್ಯಾಮೆರಾ ಫೋಟೋ ಹಿಡಿದು, ದಂಡದ ಪತ್ರ ಆಮೇಲೆ ಮನೆಗೆ ಬರುತ್ತದೆ. ನೀವು ಹೋಗುವ ನಗರದಲ್ಲಿ ಇಂಥದ್ದು ಏನಾದರೂ ಇದೆಯಾ, ನಿಮ್ಮ ಗಾಡಿಗೆ ಅನ್ವಯಿಸುತ್ತದಾ ಅಂತ ನೋಡೋಕೆ ಹತ್ತು ನಿಮಿಷ ಸಾಕು.

ಈಗ ನಿಜವಾಗಿ ಜನ ಎಡವುವ ಜಾಗಕ್ಕೆ ಬರೋಣ, ಅಂದರೆ ವಿಳಾಸ. ಅಮೆರಿಕದ ವೀಸಾಕ್ಕೆ ಹಲವು ದೇಶಗಳಲ್ಲಿ ಬೆರಳಚ್ಚು, ಫೋಟೋ ಕೊಡುವ ಕೇಂದ್ರ ಒಂದು ಕಡೆ, ಇಂಟರ್‌ವ್ಯೂ ನಡೆಯುವ ಕಾನ್ಸುಲೇಟ್ ಇನ್ನೊಂದು ಕಡೆ. ಷೆಂಗೆನ್ ವೀಸಾದ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಎಷ್ಟೋ ಕಡೆ ರಾಯಭಾರ ಕಚೇರಿ ತೆಗೆದುಕೊಳ್ಳುವುದೇ ಇಲ್ಲ, ಅದಕ್ಕೆ ವಿಎಫ್‌ಎಸ್‌ನಂಥ ಖಾಸಗಿ ಸಂಸ್ಥೆಯ ಕೇಂದ್ರಕ್ಕೆ ಹೋಗಬೇಕು. ಮ್ಯಾಪಿನಲ್ಲಿ ಸುಮ್ನೆ ದೇಶದ ಹೆಸರು ಹೊಡೆದು ಹುಡುಕಿದರೆ ರಾಯಭಾರಿಯ ಮನೆಯೋ ವಾಣಿಜ್ಯ ಕಚೇರಿಯೋ ಸಿಗಬಹುದು. ಹಾಗಾಗಿ ಅಪಾಯಿಂಟ್‌ಮೆಂಟ್ ಪತ್ರ ಮುಂದೆ ಇಟ್ಟುಕೊಂಡು, ಅದರಲ್ಲಿರುವ ವಿಳಾಸವನ್ನೇ ಅಕ್ಷರ ಬಿಡದೆ ಹಾಕಿ.

ವಿಳಾಸ ಸರಿ ಇದ್ದರೂ ಗೇಟು ಬೇರೆ ಇರಬಹುದು. ಮ್ಯಾಪಿನ ಗುರುತು ಸಾಮಾನ್ಯವಾಗಿ ಕಟ್ಟಡದ ಮುಂಬಾಗಿಲಿಗೆ ಕರೆದೊಯ್ಯುತ್ತದೆ. ವೀಸಾಕ್ಕೆ ಬಂದವರ ಸಾಲು ಪಕ್ಕದ ರಸ್ತೆಯಲ್ಲೋ ಹಿಂಬದಿಯಲ್ಲೋ ಇರುತ್ತದೆ. ಮಧ್ಯೆ ಡಿವೈಡರ್ ಇದ್ದರಂತೂ ಕಣ್ಣೆದುರಿಗೇ ಗೇಟು ಕಂಡರೂ ಒಂದು ಕಿಲೋಮೀಟರ್ ಮುಂದೆ ಹೋಗಿ ತಿರುಗಿ ಬರಬೇಕು. ಮೇಲೆ ಫ್ಲೈಓವರ್, ಕೆಳಗೆ ರಸ್ತೆ ಇರುವ ಕಡೆ ಮೊಬೈಲಿಗೆ ನೀವು ಎಲ್ಲಿದ್ದೀರಿ ಅನ್ನೋದೇ ಸರಿಯಾಗಿ ತಿಳಿಯುವುದಿಲ್ಲ. ಉಪಗ್ರಹದ ಸಂಕೇತದಿಂದ ಎತ್ತರ ಅಷ್ಟು ಚೆನ್ನಾಗಿ ಸಿಗೋದಿಲ್ಲ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ತಾಗಿ ಬರುವುದರಿಂದ ಮ್ಯಾಪಿನಲ್ಲಿ ನಿಮ್ಮನ್ನು ತೋರಿಸುವ ಬಾಣ ಪಕ್ಕದ ರಸ್ತೆಗೆ ಹಾರುತ್ತದೆ. ಸುರಂಗದಲ್ಲಿ ಸಂಕೇತವೇ ಇರೋದಿಲ್ಲ. ಅಂಥ ಕಡೆ ಬಾಣ ಬಿಟ್ಟು ರಸ್ತೆಯ ಬೋರ್ಡು ನೋಡಬೇಕು. ಅಭ್ಯಾಸ ಇಲ್ಲದವರು ಹಾರ್ನ್ ಸದ್ದಿನ ಮಧ್ಯೆ, ಪಕ್ಕದಲ್ಲಿ ಅಪ್ಪ 'ಟೈಮ್ ಆಯ್ತು' ಅನ್ನುತ್ತಿರುವಾಗ ಅದನ್ನು ಮಾಡೋದು ಸುಲಭವಲ್ಲ, ಅಲ್ವಾ?

ಅದಕ್ಕೇ ಹಿಂದಿನ ದಿನ ಸಂಜೆ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಕಾರಲ್ಲಿ ಬೇಡ, ಟ್ಯಾಕ್ಸಿಯಲ್ಲಿ. ಬೆಳಗಿನ ಟ್ರಾಫಿಕ್ ಹೇಗಿರುತ್ತೆ ಅನ್ನೋದು ಇದರಿಂದ ತಿಳಿಯುವುದಿಲ್ಲ. ಆದರೆ ಗೇಟು ಯಾವುದು, ಟ್ಯಾಕ್ಸಿ ಎಲ್ಲಿ ನಿಲ್ಲಬಹುದು, ಅಲ್ಲಿಂದ ಎಷ್ಟು ನಡೆಯಬೇಕು, ಹತ್ತಿರದಲ್ಲಿ ಕೂರೋಕೆ ಜಾಗ, ಶೌಚಾಲಯ ಇದೆಯಾ ಅನ್ನೋದು ಗೊತ್ತಾಗುತ್ತದೆ. ಕಾನ್ಸುಲೇಟ್ ಎದುರು ಗಾಡಿ ನಿಲ್ಲಿಸಲು ಭದ್ರತೆಯವರು ಬಿಡೋದು ಅಪರೂಪ. ನನ್ನ ಅಮ್ಮನಿಗೆ ಮಂಡಿ ನೋವು. ಅವರನ್ನು ಕರೆದುಕೊಂಡು ಹೋಗಿದ್ದಾಗ ಸಂಜೆಯೇ ಇಬ್ಬರೂ ಮೂಲೆಯ ಬಸ್ ಸ್ಟಾಪಿನಿಂದ ಗೇಟಿನವರೆಗೆ ನಿಧಾನವಾಗಿ ನಡೆದು ನೋಡಿದೆವು. ಎತ್ತರದ ಫುಟ್‌ಪಾತ್ ಎಲ್ಲಿ ಇಳಿಜಾರಾಗಿದೆ ಅಂತ ಅವರೇ ಗುರುತು ಮಾಡಿಕೊಂಡರು. ಮರುದಿನ ಬೆಳಗ್ಗೆ ಡ್ರೈವರಿಗೆ 'ಇಲ್ಲೇ ನಿಲ್ಲಿಸಪ್ಪ' ಅಂದವರೂ ಅವರೇ. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ನೆಮ್ಮದಿ ಇನ್ನೊಂದಿರಲಿಲ್ಲ.

ತುಂಬಾ ಬೇಗ ಹೋದರೂ ಪ್ರಯೋಜನ ಇಲ್ಲ. ಎಷ್ಟೋ ಕಡೆ ಅಪಾಯಿಂಟ್‌ಮೆಂಟಿಗೆ ಕಾಲು ಗಂಟೆಯೋ ಅರ್ಧ ಗಂಟೆಯೋ ಇದೆ ಅನ್ನುವವರೆಗೂ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ. ಮಿಕ್ಕ ಹೊತ್ತು ಬೀದಿಯಲ್ಲೇ ನಿಲ್ಲಬೇಕು. ಆ ಭಾಗಕ್ಕೆ ಒಂದು ಗಂಟೆ ಮೊದಲೇ ತಲುಪಿ, ನೋಡಿಟ್ಟ ಜಾಗದಲ್ಲಿ ಅಪ್ಪ ಅಮ್ಮನನ್ನು ಕೂರಿಸಿ. ಸಮಯ ಆದಮೇಲೆ ಗೇಟಿಗೆ ನಡೆಯಿರಿ.

ಮೊಬೈಲ್ ವಿಷಯವನ್ನು ಯಾರೂ ಮೊದಲೇ ಹೇಳೋದಿಲ್ಲ. ಅಮೆರಿಕದ ಹಲವು ಕಾನ್ಸುಲೇಟುಗಳಲ್ಲಿ ಮೊಬೈಲ್, ಬ್ಯಾಗ್ ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವ ವ್ಯವಸ್ಥೆಯೂ ಇರುವುದಿಲ್ಲ. ಬ್ಯಾಟರಿ ಇರುವ ಯಾವ ವಸ್ತುವೂ ಬೇಡ ಅನ್ನುವ ಕಡೆ ರಿಮೋಟ್ ಇರುವ ಕಾರ್ ಕೀಗೂ ತಕರಾರು ಬರಬಹುದು. ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರೆ ಆ ಕೀ ಎಲ್ಲಿಡುತ್ತೀರಿ? ಕಾರು ಹೊಡೆಯಲು ಬೇರೆಯವರು ಬಂದರೆ, ನೀವು ಹೊರಗೆ ಬಂದಾಗ ಫೋನ್ ಅವರ ಹತ್ತಿರ, ಅವರು ಎಲ್ಲೋ ಪಾರ್ಕಿಂಗ್‌ನಲ್ಲಿ. ಹಾಗಾಗಿ ಒಳಗೆ ಹೋಗುವ ಮೊದಲೇ ಎಲ್ಲಿ ಸೇರಬೇಕು ಅಂತ ಮಾತಾಡಿಕೊಳ್ಳಿ. 'ಗೇಟಿನ ಹತ್ತಿರ' ಅಂದರೆ ಸಾಲದು. ಇಂಥ ಅಂಗಡಿಯ ಬೋರ್ಡಿನ ಕೆಳಗೆ, ಹನ್ನೊಂದಕ್ಕೆ, ಇಲ್ಲದಿದ್ದರೆ ಪ್ರತಿ ಅರ್ಧ ಗಂಟೆಗೆ ಒಮ್ಮೆ ಅಂತ ಇರಲಿ. ಅವರ ನಂಬರನ್ನು ಪೆನ್ನಿನಲ್ಲಿ ಚೀಟಿಯ ಮೇಲೆ ಬರೆದು ಅಪ್ಪ ಅಮ್ಮನ ಕೈಯಲ್ಲೂ ಒಂದೊಂದು ಕೊಡಿ, ಸ್ವಲ್ಪ ನಗದನ್ನೂ ಕೊಡಿ. ಅಪಾಯಿಂಟ್‌ಮೆಂಟ್ ಪತ್ರ, ಅರ್ಜಿಯ ದೃಢೀಕರಣ ಪುಟ ಎಲ್ಲವೂ ಕಾಗದದಲ್ಲೇ ಇರಲಿ.

ಪಾಸ್‌ಪೋರ್ಟ್ ಇರುವ ಫೈಲ್ ಯಾವತ್ತೂ ಡಿಕ್ಕಿಯಲ್ಲಿ ಬಿಡಬೇಡಿ. ರಾತ್ರಿ ರೂಮಿಗೇ ತೆಗೆದುಕೊಂಡು ಹೋಗಿ.

ಇಷ್ಟೆಲ್ಲಾ ಹೇಳಿದ ಮೇಲೂ ಕಾರಲ್ಲೇ ಹೋಗಬೇಕಾದ ಅನಿವಾರ್ಯ ಬರಬಹುದು, ಅಮ್ಮನಿಗೆ ವೀಲ್‌ಚೇರ್ ಬೇಕು ಅನ್ನುವಂಥದ್ದು. ಆಗ ಗೇಟನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ, ಹತ್ತಿರದ ಪೇ ಪಾರ್ಕಿಂಗ್ ಅನ್ನು ಗುರಿ ಮಾಡಿಕೊಳ್ಳಿ. ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ, ಚಾವಣಿಗೆ ನಿಮ್ಮ ಗಾಡಿ ತಾಗುವುದಿಲ್ಲ ತಾನೇ, ಎರಡನ್ನೂ ಸಂಜೆಯೇ ಕೇಳಿಕೊಳ್ಳಿ. ಯಾವ ಮಹಡಿ, ಯಾವ ಕಂಬ ಅನ್ನೋದನ್ನು ಟಿಕೆಟ್ ಹಿಂದೆ ಬರೆಯಿರಿ. ಗಾಡಿ ಹೊಡೆಯಲು ಬರುವ ಇನ್ನೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ದಾರಿಯಲ್ಲಿ ಜಾಮ್ ಆಗಿ, ಸಮಯ ಮೀರುತ್ತಿದೆ ಅನ್ನಿಸಿದರೆ ಸ್ಟೀರಿಂಗ್ ಅವರಿಗೆ ಕೊಟ್ಟು, ಫೈಲ್ ಹಿಡಿದು ಇಳಿದುಬಿಡಿ. ಚೆನ್ನಾಗಿ ನಡೆಯುವವರಿಗೆ ನಿಂತ ಟ್ರಾಫಿಕ್‌ನಲ್ಲಿ ಒಂದೂವರೆ ಕಿಲೋಮೀಟರ್ ನಡೆಯಲು ಇಪ್ಪತ್ತು ನಿಮಿಷ ಸಾಕು.

ಕೆಲಸ ಮುಗಿದ ದಿನ ಸಂಜೆಯೇ ವಾಪಸ್ ಹೊರಡುವ ಅವಸರವೂ ಬೇಡ. ಊಟ ಮಾಡಿ, ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ. ಆಫೀಸ್ ಬಿಡುವ ಹೊತ್ತಿನೊಳಗೆ ನಗರದ ಹೊರಗೆ ಹೋಗಲು ಆಗುವುದಿಲ್ಲ ಅಂದರೆ ಮರುದಿನ ಬೆಳಗ್ಗೆ ಆರಕ್ಕೆ ಹೊರಡಿ. ರೂಮನ್ನು ಎರಡು ರಾತ್ರಿಗೆ ಈಗಲೇ ಬುಕ್ ಮಾಡಿಬಿಡಿ. ಬುಕ್ ಮಾಡುವ ಮುಂಚೆ ಕಾರು ನಿಲ್ಲಿಸಲು ಅವರದ್ದೇ ಜಾಗ ಇದೆಯಾ ಅಂತ ಫೋನ್ ಮಾಡಿ ಕೇಳಿ.