ಜೀವಕೋಶದೊಳಗಿನ ‘ಯಂತ್ರ’ಗಳನ್ನು ನೋಡಿದರೆ ಯಾರೋ ವಿನ್ಯಾಸ ಮಾಡಿದ್ದಾರೆ ಅನ್ನಿಸುವುದಿಲ್ಲವೇ?

ಅನ್ನಿಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ಕೋಶದೊಳಗೆ ಸಾಮಾನು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನಿನ ವಿಡಿಯೋ ಓಡಾಡುತ್ತಿರುತ್ತದಲ್ಲ, ಅದನ್ನು ನಾನೂ ನೋಡಿದ್ದೇನೆ. ಎರಡು ಕಾಲಿನ ಪುಟ್ಟ ಪ್ರೋಟೀನು, ತನಗಿಂತ ಎಷ್ಟೋ ದೊಡ್ಡ ಮೂಟೆ ಎಳೆದುಕೊಂಡು ಕೋಶದೊಳಗಿನ ಹಗ್ಗದಂಥ ಎಳೆಯ ಮೇಲೆ ಠೀವಿಯಿಂದ ನಡೆಯುತ್ತದೆ. ಒಂದು ಹೆಜ್ಜೆಗೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ (ಕೋಶದ ಇಂಧನ) ಅಣು ಖರ್ಚು. ಈ ಲೆಕ್ಕವೆಲ್ಲ ನಿಜ.

ಆದರೆ ಅದು ಅನಿಮೇಷನ್. ನೋಡುವುದಕ್ಕೆ ಸುಲಭವಾಗಲಿ ಅಂತ ಸುತ್ತಲಿನ ನೀರನ್ನೂ ಗಿಜಿಗುಟ್ಟುವ ಅಣುಗಳನ್ನೂ ತೆಗೆದುಹಾಕಿರುತ್ತಾರೆ. ನಿಜವಾದ ಕೋಶದಲ್ಲಿ ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಗುದ್ದುತ್ತಲೇ ಇರುತ್ತವೆ. ಮೇಲೆದ್ದ ಕಾಲು ಗುರಿಯಿಟ್ಟು ಮುಂದೆ ಹೋಗುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಅತ್ತಿತ್ತ ತೂರಾಡುತ್ತದೆ, ಹೊಂದುವ ಜಾಗ ಸಿಕ್ಕಾಗ ಅಂಟಿಕೊಳ್ಳುತ್ತದೆ. ಎಟಿಪಿ ಮಾಡುವುದು ಇಷ್ಟೇ: ಮುಂದಿನ ಜಾಗಕ್ಕೆ ಅಂಟುವ ಸಾಧ್ಯತೆಯನ್ನು ಜಾಸ್ತಿ ಮಾಡುತ್ತದೆ. ಒಮ್ಮೊಮ್ಮೆ ಹೆಜ್ಜೆ ಹಿಂದಕ್ಕೂ ಬೀಳುತ್ತದೆ, ಕೆಲವು ಸಲ ಅರ್ಧದಾರಿಯಲ್ಲೇ ಕಳಚಿಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟದ್ದು ಒಂದೊಂದೇ ಅಣುವನ್ನು ಹಿಂಬಾಲಿಸುವ ಹೊಸ ಉಪಕರಣಗಳೇ. ಹತ್ತಿರ ಹೋದಷ್ಟೂ ‘ಯಂತ್ರ’ ಅನ್ನುವ ಮಾತು ಸಡಿಲವಾಗುತ್ತದೆ.

ಇನ್ನು ಬ್ಯಾಕ್ಟೀರಿಯಾದ ಬಾಲ, ಅಂದರೆ ಫ್ಲಜೆಲ್ಲಮ್. ಬುಡದಲ್ಲಿ ನಿಜವಾಗಿಯೂ ತಿರುಗುವ ಮೋಟಾರ್ ಇದೆ. ಒಂದು ಭಾಗ ತೆಗೆದರೂ ಕೆಲಸ ಮಾಡದು, ಹಾಗಾಗಿ ಹಂತಹಂತವಾಗಿ ಬಂದಿರಲಾರದು ಎಂದು ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ 1996ರಲ್ಲಿ ವಾದಿಸಿದರು. ಆದರೆ ಪ್ಲೇಗ್ ತರುವ ಬ್ಯಾಕ್ಟೀರಿಯಾದಲ್ಲಿ ಇದೇ ಬುಡದ ಹಲವು ಭಾಗಗಳನ್ನು ಹೋಲುವ ಸೂಜಿಯಂಥ ರಚನೆಯೊಂದಿದೆ. ಅದು ತಿರುಗುವುದಿಲ್ಲ, ನಮ್ಮ ಕೋಶಗಳೊಳಗೆ ಪ್ರೋಟೀನು ಚುಚ್ಚುತ್ತದೆ. ಬಾಲ ಮೊದಲೋ ಸೂಜಿ ಮೊದಲೋ ಅನ್ನುವುದು ಇಲ್ಲಿ ಮುಖ್ಯವಲ್ಲ. ಕೆಲವೇ ಭಾಗಗಳಿದ್ದರೂ ಬೇರೊಂದು ಕೆಲಸ ನಡೆಯುತ್ತದೆ ಅಲ್ವಾ? ಅಷ್ಟು ಸಾಕು, ಆ ವಾದ ನಿಲ್ಲುವುದಿಲ್ಲ. ಮೋಟಾರನ್ನು ತಿರುಗಿಸುವ ಪ್ರೋಟೀನುಗಳಿಗೂ ಬಾಲವೇ ಇಲ್ಲದ ಕಡೆ ನೆಂಟರಿದ್ದಾರೆ.

‘ಇದು ಹೇಗೆ ಬಂತೋ ಗೊತ್ತಿಲ್ಲ, ಆದ್ದರಿಂದ ಯಾರೋ ಮಾಡಿದ್ದಾರೆ’ ಅನ್ನುವ ವಾದ ನನಗೆ ಇಷ್ಟವಾಗದಿರುವುದು ಇದಕ್ಕೇ. ಅಲ್ಲಿಗೆ ಹುಡುಕಾಟವೇ ನಿಂತುಹೋಗುತ್ತದೆ.

ದೇವರನ್ನು ನಂಬುವುದು ಬಿಡುವುದು ಬೇರೆ ವಿಷಯ, ಅದನ್ನು ಇದಕ್ಕೆ ಗಂಟು ಹಾಕಬೇಡಿ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಊರಿನ ಶಾಲೆಗಳ ವಿಜ್ಞಾನದ ಪಾಠದಲ್ಲಿ ವಿನ್ಯಾಸವಾದವನ್ನು, ಅಂದರೆ ಜೀವಿಗಳನ್ನು ಯಾರೋ ವಿನ್ಯಾಸ ಮಾಡಿದ್ದಾರೆ ಅನ್ನುವ ವಾದವನ್ನು, ತಂದ ವಿಚಾರದಲ್ಲಿ ಮೊಕದ್ದಮೆ ನಡೆದು, ಅದು ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪು ಕೊಟ್ಟರು. ಅಲ್ಲಿ ಆ ವಾದದ ವಿರುದ್ಧ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ದೇವರನ್ನು ನಂಬುವ ಕ್ಯಾಥೊಲಿಕ್.