ಲೋಳೆ ಬಿಡದಿದ್ದರೂ ಅದು ನೆಗ್ಗಿಲೇ

ಓದುಗರ ಪತ್ರ: ಬದುವಿನಲ್ಲಿ ನೆಲಕ್ಕಂಟಿ ಹಬ್ಬಿರುವ ಹಳದಿ ಹೂವಿನ ಮುಳ್ಳುಗಿಡವನ್ನು ನೆಗ್ಗಿಲು ಅಂದುಕೊಂಡಿದ್ದೆ. ನಿಜವಾದ ನೆಗ್ಗಿಲನ್ನು ನೀರಲ್ಲಿ ಆಡಿಸಿದರೆ ನೀರು ಲೋಳೆಯಾಗಬೇಕು ಎಂದರು, ಆಗಲಿಲ್ಲ. ಇದು ಯಾವ ಗಿಡ? ಉರಿಮೂತ್ರಕ್ಕೆ ಕಾಯಿ ಬಳಸಬೇಕೋ, ಬೇರೋ?

ಸಂಪಾದಕರ ಉತ್ತರ: ನಿಮ್ಮ ಗುರುತು ಸರಿಯಾಗಿಯೇ ಇರುವಂತಿದೆ. ನಿಮ್ಮದು ಸಣ್ಣ ನೆಗ್ಗಿಲು, ಲೋಳೆ ಬಿಡುವುದು ಆನೆನೆಗ್ಗಿಲು ಎಂಬ ಇನ್ನೊಂದು ಗಿಡ. ಅದರದೂ ಹಳದಿ ಹೂವೇ, ಗೊಂದಲಕ್ಕೆ ಅದೇ ಕಾರಣ. ಆದರೆ ಆನೆನೆಗ್ಗಿಲಿನ ಹೂವು ಕೊಳವೆಯಂತಿರುತ್ತದೆ, ಎಲೆ ದಪ್ಪಗೆ, ಅಗಲವಾಗಿ, ಅಂಚು ಅಂಕುಡೊಂಕಾಗಿರುತ್ತದೆ. ಹಸಿ ರೆಂಬೆಯನ್ನು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ನೀರು ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗುತ್ತದೆ. ಉರಿಮೂತ್ರಕ್ಕೆ ಅದನ್ನೂ ಬಳಸುವ ರೂಢಿ ಇದೆ, ಆದರೆ ಗಿಡದ ಕುಲವೇ ಬೇರೆ.

ಸಣ್ಣ ನೆಗ್ಗಿಲನ್ನು ಗುರುತಿಸಲು ಕಾಯಿಯೊಂದನ್ನು ಅಂಗೈ ಮೇಲಿಟ್ಟು ನೋಡಿ. ಬಲಿತ ಕಾಯಿ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ. ಪ್ರತಿ ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವುದರಿಂದ ಬರಿಗಾಲಿಗೆ ತಪ್ಪದೆ ಚುಚ್ಚುತ್ತದೆ. ಆನೆನೆಗ್ಗಿಲಿನ ಕಾಯಿ ಹೀಗೆ ಹೋಳಾಗುವುದಿಲ್ಲ. ನಾಲ್ಕು ಮೂಲೆಯ ಒಂದೇ ಕಾಯಿ, ಮೂಲೆಗೊಂದು ಮುಳ್ಳು. ಇನ್ನೂ ಅನುಮಾನವಿದ್ದರೆ ಎಲೆ ನೋಡಿ. ಸಣ್ಣ ನೆಗ್ಗಿಲಿನ ಎಲೆ ಕಡಲೆಗಿಡದ್ದನ್ನು ಹೋಲುತ್ತದೆ, ಮೈಮೇಲೆ ಬಿಳಿ ರೋಮವಿರುತ್ತದೆ, ಎದುರುಬದುರಾದ ಎರಡು ಎಲೆಗಳಲ್ಲಿ ಒಂದು ಚಿಕ್ಕದಾಗಿರುತ್ತದೆ.

ಉರಿಮೂತ್ರಕ್ಕೆ ಬಳಕೆಯಲ್ಲಿರುವುದು ಒಣಗಿದ ಕಾಯಿ. ಹಸಿರು ಕಳೆದು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಉದುರುವ ಮುನ್ನ ಬಿಡಿಸಿ. ಕಳೆನಾಶಕ ಸಿಂಪಡಿಸಿದ ಬದು, ರಸ್ತೆಯಂಚು ಬೇಡ. ಚೆನ್ನಾಗಿ ಒಣಗಿಸದೆ ಡಬ್ಬಿಗೆ ಹಾಕಿದರೆ ಹೋಳುಗಳ ಸಂದಿನಲ್ಲಿ ಬೂಷ್ಟು ಹಿಡಿಯುತ್ತದೆ. ಅಂಥದನ್ನು ತೊಳೆದು ಬಳಸಲು ಹೋಗಬೇಡಿ, ಎಸೆಯಿರಿ.

ಕಷಾಯಕ್ಕೆ 20 ಗ್ರಾಂ ಕಾಯಿಯನ್ನು ತರಿತರಿಯಾಗಿ ಕುಟ್ಟಿ, 320 ಮಿ.ಲೀ. ನೀರಿಗೆ ಹಾಕಿ, ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ 40 ಮಿ.ಲೀ.ಗೆ ಇಳಿಸುವುದು ಶಾಸ್ತ್ರದ ಲೆಕ್ಕ. ಕುದಿಯುವಾಗ ನೊರೆ ಬರುತ್ತದೆ. ಅದು ಕಾಯಿಯಲ್ಲಿರುವ, ಸೋಪಿನಂತೆ ನೊರೆ ಬರಿಸುವ ಸಪೋನಿನ್‌ಗಳಿಂದ. ಹೆದರಬೇಕಿಲ್ಲ, ಆದರೆ ಪಾತ್ರೆ ದೊಡ್ಡದಿರಲಿ. ಟೀ ಸೋಸುವ ಜಾಲರಿ ಸಾಲದು. ಮುರಿದ ಮುಳ್ಳಿನ ಚೂರು ಅದರಲ್ಲಿ ನುಸುಳಿ ಗಂಟಲಿಗೆ ಚುಚ್ಚುತ್ತದೆ, ಹಾಗಾಗಿ ಎರಡು ಪದರದ ಬಟ್ಟೆಯಲ್ಲೇ ಸೋಸಿ. ಆಯಾ ದಿನದ್ದನ್ನು ಆಯಾ ದಿನವೇ ಮಾಡಿಕೊಳ್ಳಬೇಕು. ಕಹಿ, ಒಗರು ತಡೆಯದವರಿಗೆ ಕ್ಷೀರಪಾಕ, ಅಂದರೆ ಹಾಲಿನಲ್ಲಿ ಕಾಯಿಸಿದ ಕಷಾಯವಿದೆ: 5 ಗ್ರಾಂ ಪುಡಿ, 40 ಮಿ.ಲೀ. ಹಾಲು, 160 ಮಿ.ಲೀ. ನೀರು, ಹಾಲಿನಷ್ಟೇ ಉಳಿಯುವವರೆಗೆ ಕೈಯಾಡಿಸುತ್ತ ಕಾಯಿಸಿ. ಉರಿ ಜೋರಾದರೆ ಕಾಯಿಯ ಸಾರ ಇಳಿಯುವ ಮೊದಲೇ ನೀರು ಆರಿ ತಳ ಹಿಡಿಯುತ್ತದೆ. ಬರೀ ಪುಡಿಯಾದರೆ ಭಾರತೀಯ ಆಯುರ್ವೇದ ಫಾರ್ಮಕೊಪಿಯಾ (ಔಷಧಗಳ ಅಧಿಕೃತ ಮಾನದಂಡದ ಗ್ರಂಥ) ಹೇಳುವ ಪ್ರಮಾಣ 3ರಿಂದ 6 ಗ್ರಾಂ, ಅದೂ ವಸ್ತ್ರಗಾಳಿತ ಮಾಡಿದ್ದು, ಅಂದರೆ ಬಟ್ಟೆಯಲ್ಲಿ ಜರಡಿ ಹಿಡಿದದ್ದು.

ಉರಿಮೂತ್ರದ ಜೊತೆಗೆ ಜ್ವರ, ಚಳಿ, ಸೊಂಟನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಒಲೆ ಹಚ್ಚುತ್ತ ಕೂರಬೇಡಿ. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅದೇ ದಿನ ವೈದ್ಯರಲ್ಲಿಗೆ ಹೋಗಿ. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರು ಮೊದಲು ವೈದ್ಯರನ್ನು ಕೇಳಲಿ. ಗಂಡಸರ ಹಾರ್ಮೋನಾದ ಟೆಸ್ಟೊಸ್ಟೆರೋನ್ ಏರಿಸುತ್ತದೆಂದು ಇದನ್ನೇ ಮಾತ್ರೆ ಮಾಡಿ ಮಾರುವುದನ್ನು ನೀವೂ ನೋಡಿರುತ್ತೀರಿ. ಆರೋಗ್ಯವಂತ ತರುಣರ ಮೇಲಿನ ಪ್ರಯೋಗಗಳಲ್ಲಿ ಅಂಥ ಏರಿಕೆ ಕಂಡಿಲ್ಲ. ಬದುವಿನಲ್ಲಿ ಕುರಿ ಮೇಯುತ್ತಿದ್ದರೆ ಇನ್ನೊಂದು ಮಾತು: ಈ ಗಿಡವನ್ನೇ ಹೆಚ್ಚಾಗಿ ಮೇಯ್ದ ಕುರಿಗಳಿಗೆ ಯಕೃತ್ತು ಕೆಟ್ಟು, ಬಿಸಿಲಿಗೆ ಮುಖ, ಕಿವಿ ಊದುವುದುಂಟು.

ಇನ್ನು ಬೇರು. ದಶಮೂಲವೆಂಬ ಆಯುರ್ವೇದ ಮಿಶ್ರಣದ ಹತ್ತು ಬೇರುಗಳಲ್ಲಿ ನೆಗ್ಗಿಲಿನದೂ ಒಂದು. ಅದಕ್ಕಾಗಿ ಗಿಡ ಕೀಳುವುದಾದರೆ ಕಾಯಿ ಉದುರುವವರೆಗೆ ಕಾಯಿರಿ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ.